ಬೈರಾಸ್ ಹಾಕಿ ಹಿಡಿದ ಸೀಟು

೧೯೮೨ನೇ ಇಸವಿ, ಮಾರ್ಚ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಹತ್ತು ಗಂಟೆ, ಉಡುಪಿ ಬಸ್ ನಿಲ್ದಾಣ. ಹಾಜರಿದ್ದವರು: ಮಣಿಪಾಲದ ಕಾಲೇಜೊಂದರಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ನಾನು, ನನ್ನ ವಿದ್ಯಾರ್ಥಿನಿ ಕಾರ್ಕಳದ ಸುಜಾತಾ, ಮತ್ತು ಕೆಲವು ತಿಂಗಳ ಓದಿಗೆಂದು ಡೆನ್ಮಾರ್ಕಿನಿಂದ ಬಂದಿದ್ದ ಎರಿಕ್. ಹೀಗೆ ಶುರುಮಾಡಿದರೆ ಸಭೆಯ ವರದಿಯಂತೆ ಕಾಣುತ್ತದೆ ಎಂದು ನನ್ನ ಹೆಂಡತಿಯ ಆಕ್ಷೇಪ. ಕಾಣಲಿ. ಕ್ರಮವನ್ನು ಪ್ರೀತಿಸುವವನಿಗೆ ಭೂಮಿಯ ಮೇಲೆ ಎರಡು ನರಕಗಳಿವೆ. ಒಂದು, ಮದುವೆಯೂಟದ ಎರಡನೇ ಪಂಕ್ತಿಗೆ ಬಾಗಿಲು ತೆರೆಯುವ ಕ್ಷಣ. ಇನ್ನೊಂದು, ಬಸ್ ನಿಲ್ದಾಣ. ಎರಡನೆಯದಕ್ಕೆ ನಾನೇ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ.

ಮೇಜಿನ ಮುಂದೆ ಕುಳಿತು ಬೆಂಚಿನ ನಕ್ಷೆ ಬರೆಯಬೇಡಿ, ಜನ ಎಲ್ಲಿ ಕೂರುತ್ತಾರೆ, ಎಲ್ಲಿ ಒರಗುತ್ತಾರೆ ಎಂದು ನೋಡಿ ಆಮೇಲೆ ಗೆರೆ ಎಳೆಯಿರಿ ಎಂಬುದು ಆಗ ನಮ್ಮ ವಿಭಾಗಕ್ಕೆ ಬಂದಿದ್ದ ಹೊಸ ಪಾಠ. ಈ ನಿಲ್ದಾಣಕ್ಕೊಂದು ಬೆಂಚು ರೂಪಿಸುವುದು ಮಕ್ಕಳಿಗೆ ಕೊಟ್ಟಿದ್ದ ಕೆಲಸ. ಅದಕ್ಕೆ ನಾನೊಂದು ನಿಯಮ ಸೇರಿಸಿದೆ: ನೋಡುವುದು ಮಾತ್ರ, ಯಾರನ್ನೂ ಏನನ್ನೂ ಕೇಳಕೂಡದು, ಕೇಳಿದರೆ ಜನ ನಾಟಕ ಶುರುಮಾಡುತ್ತಾರೆ. ಎರಿಕ್ ತಲೆಯಾಡಿಸಿದ. ಅವನ ಊರಿನಲ್ಲಿ ಬಸ್ಸಿಗೆ ಕಾಯುವವರು ಒಬ್ಬರಿಗೊಬ್ಬರು ತಾಗದಂತೆ ಸಾಲಾಗಿ ನಿಂತು, ಹವಾಮಾನದ ಬಗ್ಗೆ ಕೂಡ ಮಾತಾಡುವುದಿಲ್ಲವಂತೆ. ಕೇಳಿ ನನಗೆ ಆ ದೇಶದ ಮೇಲೆ ಭಕ್ತಿ ಬಂತು.

ನಮ್ಮಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಗಳಿಂದ ಬೈರಾಸುಗಳು ಎಂದು ನಾವು ಕರೆಯುವ ಟವೆಲುಗಳು, ಕೊಡೆಗಳು, ತರಕಾರಿ ಚೀಲಗಳು ಒಳಗೆ ಹಾರುತ್ತವೆ. ಹೆಗಲ ಮೇಲಿನ ಬೈರಾಸು ಸೀಟಿನ ಮೇಲೆ ಬಿದ್ದರೆ ಆ ಸೀಟು ಅದರ ಯಜಮಾನನದು. ಆತ ನಿಶ್ಚಿಂತೆಯಿಂದ ಚಹಾ ಕುಡಿದು ಬರಬಹುದು. “ನಮ್ಮ ಕಾರ್ಕಳದಲ್ಲಿ ಮಗುವನ್ನೇ ಕಿಟಕಿಯಿಂದ ದಾಟಿಸ್ತಾರೆ ಸರ್” ಎಂದಳು ಸುಜಾತಾ, ಹೆಮ್ಮೆಯಿಂದ. ನಾನು ಮಾತ್ರ ಆ ಕೆಲಸ ಎಂದೂ ಮಾಡಿದವನಲ್ಲ. ಉಡುಪಿಯಿಂದ ಬೆಳ್ಮಣ್ಣಿನವರೆಗೆ ನನ್ನ ಜೊತೆ ನಿಂತುಕೊಂಡೇ ಪ್ರಯಾಣ ಮಾಡಿದ ಮೇಲೆ ನನ್ನ ಹೆಂಡತಿ ತವರಿಗೆ ಒಬ್ಬಳೇ ಹೋಗುವ ಅಭ್ಯಾಸ ಮಾಡಿಕೊಂಡಳು.

ನನ್ನ ನಿಯಮದಲ್ಲಿ ಒಂದು ತೂತಿತ್ತು. ನಾವು ಕೇಳದಿದ್ದರೂ ಜನ ನಮ್ಮನ್ನು ಕೇಳುತ್ತಾರೆ. ಕಾಪುವಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಬ್ದುಲ್ಲ ಎಂಬವರು ಪಕ್ಕಕ್ಕೆ ಬಂದರು.

“ಮಾಸ್ಟ್ರೇ, ಮಂಗಳೂರು ಕಡೆಗಾ?”

“ಅಲ್ಲ, ನೋಡ್ಲಿಕ್ಕೆ ಬಂದದ್ದು. ಜನ ಹೇಗೆ ಕಾಯ್ತಾರೆ ಅಂತ.”

“ಅದರಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ? ಬೇರೆ ದಾರಿ ಇಲ್ಲದೆ ಕಾಯ್ತಾರೆ.”

ಹಣ್ಣಿನ ಅಂಗಡಿಯ ನೆರಳಿನಲ್ಲಿ ಅವರ ತಾಯಿ ಆಯಿಶಮ್ಮ ಕಂಬಕ್ಕೆ ಒರಗಿ ನಿಂತಿದ್ದರು. ಮುಖದಲ್ಲಿ ಮೂಗು, ಕಣ್ಣು ಬಿಟ್ಟರೆ ಏನೂ ಉಳಿದಿರಲಿಲ್ಲ. ಇನ್ನು ಮಾಡುವಂಥದ್ದೇನಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರಂತೆ. “ಟ್ಯಾಕ್ಸಿ ಮಾಡುವಾ ಅಂದ್ರೆ ಉಮ್ಮ ಕೇಳುದಿಲ್ಲ” ಎಂದರು ಅಬ್ದುಲ್ಲ.

ಮುದುಕಿಗೆ ಕಿವಿ ಚುರುಕಾಗಿತ್ತು. “ಆಸ್ಪತ್ರೆಯಿಂದ ಟ್ಯಾಕ್ಸಿಯಲ್ಲಿ ಬಂದವರನ್ನೆಲ್ಲ ನಾನು ನೋಡಿದ್ದೇನೆ. ಎಲ್ಲ ಮಲಗಿಕೊಂಡೇ ಬಂದದ್ದು. ಕಾರು ನಿಂತ ಕೂಡಲೇ ನಮ್ಮ ಕೇರಿಯವರು ಅಳ್ಲಿಕ್ಕೆ ಶುರುಮಾಡ್ತಾರೆ. ಅದನ್ನು ನಾನೇ ಕೇಳಬೇಕಾ? ಬಸ್ಸಲ್ಲಿ ಕೂತು ಹೋಗಿ ನನ್ನ ಕಾಲಲ್ಲೇ ಇಳಿಯುದು.”

ಬಸ್ಸು ಬಂತು. ಅಬ್ದುಲ್ಲ ಕಿಟಕಿಯಿಂದ ಬೈರಾಸ್ ಹಾಕಿ ತಾಯಿಯನ್ನು ಕರೆತರಲು ಹೋದರು. ಅದೇ ಹೊತ್ತಿಗೆ ಎರಿಕ್ ಸೀಟಿನ ಎತ್ತರ ಅಳೆಯಲು ಬಸ್ಸು ಹತ್ತಿದ. ಅವನ ಶ್ರದ್ಧೆ ಕಂಡು ನನಗೆ ಸಂತೋಷವಾಯಿತು. ಖಾಲಿ ಸೀಟುಗಳ ಮೇಲೆ ಜನ ಮರೆತು ಹೋದ ಸಾಮಾನು ಇಷ್ಟೊಂದು ಇರುವುದನ್ನು ಕಂಡು ಆ ಹುಡುಗನಿಗೆ ಸಂಕಟವಾಗಿದೆ. ಕೇಳೋಣವೆಂದರೆ ನನ್ನ ನಿಯಮ. ಎಲ್ಲವನ್ನೂ ಆರಿಸಿ, ಬೈರಾಸುಗಳನ್ನು ಅಂದವಾಗಿ ಮಡಚಿ, ನಿಲ್ದಾಣದ ಏಜೆಂಟರ ಮೇಜಿನ ಮೇಲೆ ಒಪ್ಪಿಸಿ ಬಂದ. ಒಳಗಿದ್ದವರು ಅವನನ್ನು ಬಸ್ ಮಾಲೀಕರು ತರಿಸಿದ ಇನ್‌ಸ್ಪೆಕ್ಟರ್ ಎಂದುಕೊಂಡು ಸುಮ್ಮನಿದ್ದರು.

ಸೀಟುಗಳು ಕ್ಷಣದಲ್ಲಿ ತುಂಬಿದವು. ಆಮೇಲೆ ಯಜಮಾನರು ಬಂದರು.

“ನನ್ನ ಬೈರಾಸ್ ಎಲ್ಲಿ?”

“ಬೈರಾಸ್ ಇಲ್ಲದೆ ಸೀಟು ಯಾರದ್ದಂತ ನಾನೆಂತ ಕನಸು ಕಾಣುದಾ?” ಎಂದ ಕಂಡಕ್ಟರ್.

ಬಾಗಿಲಿನಲ್ಲೇ ಜಗಳ ಹತ್ತಿತು. ಆ ನೂಕಾಟದಲ್ಲಿ ಆಯಿಶಮ್ಮನನ್ನು ಹತ್ತಿಸುವುದು ಸಾಧ್ಯವಾಗಲಿಲ್ಲ. ಹಿಂದಿನ ಬಸ್ಸು ಹಾರ್ನ್ ಹೊಡೆಯಿತು, ನಮ್ಮದು ಜಗಳವನ್ನು ಹೊತ್ತುಕೊಂಡು ಹೊರಟೇಹೋಯಿತು. ಅಷ್ಟು ದೂರ ನಡೆದು ಬಂದ ಮುದುಕಿಗೆ ನಿಲ್ಲಲಾಗಲಿಲ್ಲ. ಕೂರಲು ಬೆಂಚಿರಲಿಲ್ಲ, ಆ ಬೆಂಚಿನ ಸಲುವಾಗಿಯೇ ನಾವು ಬಂದಿದ್ದೆವು. ಅವರು ಬಟ್ಟೆಯ ಗಂಟಿನ ಮೇಲೆ, ನೆಲಕ್ಕೆ ಕುಸಿದರು. ಸುಜಾತಾ ಇಂಗ್ಲಿಷಿನಲ್ಲಿ ವಿಷಯ ತಿಳಿಸಿದಾಗ ಎರಿಕನ ಮುಖ ಸುಣ್ಣವಾಯಿತು. ಅಬ್ದುಲ್ಲ ಅವನನ್ನು ಬೈಯಲಿಲ್ಲ. “ಪಾಪ, ಅವರ ಊರಲ್ಲಿ ಬೈರಾಸ್ ಇಲ್ಲವೋ ಏನೋ” ಎಂದು ತಾಯಿಯ ಮುಖಕ್ಕೆ ಗಾಳಿ ಬೀಸತೊಡಗಿದರು. ತಾಯಿ ಕಣ್ಣು ಮುಚ್ಚಿಕೊಂಡೇ ಹೇಳಿದರು: “ಇನ್ನೊಂದು ಬಸ್ಸು ನೋಡುವಾ. ಅದೂ ಹೋದರೆ ಟ್ಯಾಕ್ಸಿ ಕರಿ.”

ಮುಂದಿನ ಬಸ್ಸು ಬಂದಾಗ ನನಗೇನಾಯಿತೋ ತಿಳಿಯದು. ಎಸೆಯಲು ಹೆಗಲ ಮೇಲೆ ಬೈರಾಸಿರಲಿಲ್ಲ, ಇದ್ದದ್ದು ನಾನೊಬ್ಬನೇ. ಇಳಿಯುವವರು ಇಳಿಯುವ ಮೊದಲೇ ನುಗ್ಗಿದೆ. ಒಬ್ಬರ ಮೀನಿನ ಬುಟ್ಟಿಯನ್ನು ಮೊಣಕೈಯಿಂದ ಸರಿಸಿದೆ, ಕನ್ನಡಕ ಜಾರುತ್ತಿದ್ದಂತೆ ಇನ್ನೊಬ್ಬರ ಕಾಲು ತುಳಿದೆ, ಕಿಟಕಿಯ ಪಕ್ಕದ ಸೀಟಿನ ಮೇಲೆ ಅಡ್ಡಲಾಗಿ ಬಿದ್ದೆ.

“ಇಷ್ಟು ವಯಸ್ಸಾಯ್ತು, ನಾಚಿಕೆ ಆಗುದಿಲ್ವಾ ಮಾಸ್ಟ್ರೇ?” ಎಂದು ಬುಟ್ಟಿಯ ಹೆಂಗಸು ಕೂಗಿದಳು. ಆಗುತ್ತಿತ್ತು. ಆದರೂ ಏಳಲಿಲ್ಲ, ಆಯಿಶಮ್ಮ ಬಂದು ಕೂರುವವರೆಗೆ.

ಬಸ್ಸು ತುಂಬಿದ್ದರಿಂದ ಇಳಿಯಲಾಗದೆ ನಾನೂ, ಮುದುಕಿಯನ್ನು ಹತ್ತಿಸಲು ಬಂದಿದ್ದ ಮಕ್ಕಳೂ ಕಾಪುವಿನವರೆಗೆ ಹೋದೆವು. ದಾರಿಯುದ್ದಕ್ಕೂ ಅಬ್ದುಲ್ಲ ಟಿಕೆಟನ್ನಾಗಲಿ ರಸ್ತೆಯನ್ನಾಗಲಿ ನೋಡಲಿಲ್ಲ, ತಾಯಿಯ ಎದೆ ಏರಿಳಿಯುವುದನ್ನೇ ನೋಡುತ್ತಿದ್ದರು. ಕಾಪುವಿನಲ್ಲಿ ಮಗ ಚಾಚಿದ ಕೈಯನ್ನು ಆಕೆ ಸರಿಸಿ, ಕಂಬಿ ಹಿಡಿದು ಇಳಿದರು. ಬಿದ್ದರೆ ಹಿಡಿಯಲೆಂದು ಎರಿಕ್ ಆಕೆಯ ಬೆನ್ನ ಹಿಂದೆಯೇ ಬಾಗಿ ನಿಂತಿದ್ದ.

“ಎಂತ ಆಯಿಶಮ್ಮ, ಗುಣ ಆಯ್ತಾ?” ಎಂದು ಎದುರಿನ ಅಂಗಡಿಯಿಂದ ಯಾರೋ ಕೇಳಿದರು.

“ಕಾಣುದಿಲ್ವಾ?” ಎಂದರು ಆಯಿಶಮ್ಮ, ಉಸಿರು ಸಾಲದಿದ್ದರೂ.

ಸಂಜೆ ಕಾಲೇಜಿನಲ್ಲಿ ಹಾಳೆಗಳನ್ನು ಪರಿಶೀಲಿಸಿದೆ. ಸುಜಾತಾ ಹಣ್ಣಿನ ಅಂಗಡಿಯ ನೆರಳಿನಲ್ಲಿ ಉದ್ದದ ಬೆಂಚು ಬರೆದಿದ್ದಳು. ಎರಿಕನದು ಬಸ್ಸಿನ ಬಾಗಿಲಿನ ಚಿತ್ರ: ಹಿಂಜರಿದು ನಿಂತ ಹೆಂಗಸರು, ಅವರ ನಡುವೆ ಕನ್ನಡಕ ಜಾರಿದ, ಬಾಯಿ ತೆರೆದ, ಮೊಣಕೈ ಎತ್ತಿದ ಒಬ್ಬ ಮುದುಕ. ಕೆಳಗೆ ಇಂಗ್ಲಿಷಿನಲ್ಲಿ “ಸ್ಥಳೀಯ ಪದ್ಧತಿ” ಎಂದು ಬರೆದಿದ್ದ. ಬಹಳ ಹೊತ್ತು ನೋಡಿದೆ. ಅಳತೆಯಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಪೂರ್ತಿ ಅಂಕ ಕೊಟ್ಟು, ಸಹಿ ಹಾಕಿ, ಬೀರುವಿಗೆ ಬೀಗ ಹಾಕಿದೆ.