ಎಂಟು ದೀಪ, ಸೊನ್ನೆಯ ತಂತಿ

ಕಂಪ್ಯೂಟರಿನಲ್ಲಿ ಸರ್ಕ್ಯೂಟ್ ಚಿತ್ರ ಬರೆಯುವವನು ನಗೆಪಾಟಲಿಗೆ ಈಡಾಗಲು ಹೊರಗಿನವರು ಬೇಕಿಲ್ಲ, ಚಿತ್ರವೇ ಸಾಕು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಶಿರಸಿಯ ಒಂದು ರಿಪೇರಿ ಅಂಗಡಿಯಲ್ಲಿದ್ದೆ. ಸಿದ್ದಾಪುರದ ಕಡೆಯ ಶಾಲೆಯೊಂದು ರಸಪ್ರಶ್ನೆಗೆ ಎಂಟು ತಂಡಗಳ ಬೋರ್ಡು ಕೇಳಿತ್ತು. ಗುಂಡಿ ಒತ್ತಿದ ತಂಡದ ದೀಪ ಹತ್ತಬೇಕು, ಅಷ್ಟೆ. ನನ್ನ ಹಟಕ್ಕೆ ಕಂಪ್ಯೂಟರ್ ತಂದಿದ್ದ ಮಾಲೀಕರು ಮೊದಲೇ ಎಚ್ಚರಿಸಿದ್ದರು: "ತಮಾ, ಬೋರ್ಡು ಕೈಕೊಟ್ರೆ ಕಂಪ್ಯೂಟರ್ ಮೂಲೆಗೆ, ನೀನು ಮನೆಗೆ."

೧. ಒಂದೇ ದೀಪ

ಎಂಟೂ ಒಂದೇ ಥರ ಇರುವಾಗ ಎಂಟು ಸಲ ಬರೆಯುವುದೇಕೆ? ಒಂದು ಗುಂಡಿ, ಒಂದು ದೀಪ ಬರೆದು ಮೂಲೆಯಲ್ಲಿ 'ಇಂಥವು ಎಂಟು' ಎಂದು ಹಾಕಿದೆ. ಮಾಲೀಕರು ಚಿತ್ರ ಹಿಡಿದು ಹುಬ್ಬಳ್ಳಿ ಬಸ್ಸು ಹತ್ತಿದರು. ಸಂಜೆ ಒಂದು ಗುಂಡಿ, ಒಂದು ದೀಪ ತಂದಿಟ್ಟರು.

"ಉಳಿದ ಏಳು?" ಎಂದೆ.

"ಆನು ಚಿತ್ರ ನೋಡೇ ತಂದಿದ್ದು. ಅದರಲ್ಲಿ ಏಳು ಎಲ್ಲಿದ್ದು, ತೋರ್ಸು!"

೨. ಎಲ್ಲರಿಗೂ ಬಹುಮಾನ

ಎಂಟಕ್ಕೂ ತಂತಿಯ ಹೆಸರು ಕೊಡಲು ಕಂಪ್ಯೂಟರಿಗೆ ಪುಟ್ಟ ಆದೇಶಪಟ್ಟಿ, ಸ್ಕ್ರಿಪ್ಟು, ಬರೆದೆ. ಹೆಸರಿನ ಮುಂದೆ ಸಂಖ್ಯೆ ಹಾಕಲು ಮರೆತಿದ್ದೆ. ಒಂದೇ ಹೆಸರಾದ್ದರಿಂದ ಎಂಟೂ ಒಂದೇ ತಂತಿಯಾಗಿ, ಒಂದು ಗುಂಡಿ ಒತ್ತಿದರೆ ಎಂಟು ದೀಪ ಹತ್ತಿದವು. ಮಾಲೀಕರು, "ಸ್ಪರ್ಧೆ ಎಂತಕ್ಕೆ? ಎಲ್ಲರಿಗೂ ಬಹುಮಾನ ಕೊಟ್ಟು ಕಳ್ಸಲಕ್ಕು" ಎಂದರು.

೩. ಒಂದಾದ ಮೇಲೆ ಎಂಟು

ಸರಿಪಡಿಸಿದ ಸ್ಕ್ರಿಪ್ಟು ತಂತಿಗಳಿಗೆ ಸೊನ್ನೆಯಿಂದ ಏಳರವರೆಗೆ ಸಂಖ್ಯೆ ಕೊಟ್ಟಿತು; ಕಂಪ್ಯೂಟರಿನ ಎಣಿಕೆ ಸೊನ್ನೆಯಿಂದಲೇ ಶುರು, ಹಾಗಾಗಿ ಮೊದಲ ದೀಪದ್ದು ಸೊನ್ನೆಯ ತಂತಿ, ಎರಡನೆಯದರದ್ದು ಒಂದರ ತಂತಿ. ನಾನು ಜ್ವರ ಬಂದು ಮಲಗಿದ ದಿನ ಮಾಲೀಕರು ಗಟ್ಟಿಯಾಗಿ ಎಣಿಸುತ್ತ ಹೋದರು, ಯಲ್ಲಾಪುರದ ವಾಯರ್‌ಮನ್ ಚಾಚಾ ಕೂಗಿದ ಸಂಖ್ಯೆಯ ತಂತಿಯನ್ನು ಒಂದೊಂದೇ ಗುಂಡಿಗೆ ಜೋಡಿಸಿದರು. ಮೊದಲ ಗುಂಡಿ ಒತ್ತಿದರು, ಮೊದಲ ದೀಪ ಹತ್ತಿತು, ಪ್ಯಾಕ್ ಮಾಡಿಬಿಟ್ಟರು.

ಶಾಲೆಯಲ್ಲಿ ಕಾರ್ಯಕ್ರಮಕ್ಕೆ ಹದಿನೈದು ನಿಮಿಷವಿದೆ, ಸಭಾಂಗಣ ತುಂಬಿದೆ. ನಾನು ಎರಡನೇ ಗುಂಡಿ ಒತ್ತಿದೆ, ಮೂರನೇ ದೀಪ ಹತ್ತಿತು. ಮೂರಕ್ಕೆ ನಾಲ್ಕು. ಎಂಟಕ್ಕೆ ಎರಡು!

"ನಂದೇನ್ ತಪ್ಪಿಲ್ಲ, ಇವ್ರು ಕೂಗಿದ್ಹಂಗ ಹಾಕೀನಿ," ಎಂದರು ಚಾಚಾ. "ಕಡೀಗೆ 'ಒಂದು' ಅಂತ ಬರ್ದಿದ್ದ ತಂತಿ ಉಳೀತು, ಎಂಟನೇ ಗುಂಡಿಗೆ ಹಾಕ್ದೆ."

"ಒಂದು ಎಂದು ಕೂಗಲೇ ಇಲ್ಲವಾ?" ಎಂದು ಮಾಲೀಕರನ್ನು ಕೇಳಿದೆ.

"ಒಂದು ಹೇಳಿ ಯಾರಾದ್ರೂ ಎಣಿಕೆ ಶುರು ಮಾಡ್ತ್ವನ? ಲಾಭ ಹೇಳ್ದೆ!"

ಭತ್ತ ಅಳೆಯುವಾಗ ಮೊದಲ ಅಳತೆಗೆ 'ಲಾಭ' ಎನ್ನುವ ವಾಡಿಕೆ. ಲಾಭ, ಎರಡು, ಮೂರು. 'ಲಾಭ' ಎಂದಾಗ ಚಾಚಾ ಮೊದಲಿಗಿದ್ದ ಸೊನ್ನೆಯ ತಂತಿ ಹಾಕಿದ್ದರು, 'ಎರಡು' ಎಂದಾಗ ಎರಡರ ತಂತಿ; ಅದು ಮೂರನೇ ದೀಪದ್ದು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಬಿಚ್ಚಿ ಜೋಡಿಸಲು ಸಮಯವಿರಲಿಲ್ಲ. ದೀಪಗಳ ಕೆಳಗಿನ ಸಂಖ್ಯೆಯ ಚೀಟಿಗಳನ್ನೇ ಕಿತ್ತು ಗುಂಡಿಗೆ ತಕ್ಕಂತೆ ಬದಲಿಸಿ ಅಂಟಿಸಿದೆ.

ಅಷ್ಟರಲ್ಲಿ ಹೆಡ್‌ಮಾಸ್ತರರು ಬಂದರು. ಬೋರ್ಡು ನೋಡಿ ಹುಬ್ಬುಗಂಟಿಕ್ಕಿದರು. "ಇದೇನ್ರೀ? ಒಂದು ಆದ್ಮೇಲೆ ಎಂಟು, ಆಮೇಲೆ ಎರಡು?"

ನನ್ನ ನೌಕರಿ ಮುಗಿಯಿತು ಎಂದುಕೊಂಡೆ. ಮಾಲೀಕರು ಮುಂದೆ ಬಂದು ಗಂಭೀರವಾಗಿ ಕೈಮುಗಿದರು.

"ಅದು ಕಂಪ್ಯೂಟರ್ ಎಣಿಕೆ ಮಾಸ್ತರ್ರೇ, ನಮ್ಮಂಥವರಿಗೆ ತಿಳಿಯೋದಲ್ಲ!"