ಹುಲಿಗ್ಯೋನನ್ನು ಹುಡುಕಿದ ಪರದೇಶದ ಪೊಲೀಸರು

ನಮ್ಮ ಯಜಮಾನರನ್ನು ಪರದೇಶದ ಪೊಲೀಸರು ಹಿಡಿದಿದ್ದರು ಎಂದರೆ ಬನಹಟ್ಟಿಯಲ್ಲಿ ಯಾರೂ ನಂಬುವುದಿಲ್ಲ. ಯಾಕೆ ಹಿಡಿದರು ಎಂದು ಹೇಳಿದರಂತೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ! ಅವತ್ತು ನನ್ನ ಜೀವ ಬಾಯಿಗೆ ಬಂದಿತ್ತು.

ಮಗ್ಗದ ಮುಂದೆ ಕೂತರೆ ಇವರಷ್ಟು ಶಾಣ್ಯಾ ಮನುಷ್ಯ ಇಲ್ಲ. ಹಬ್ಬ ಬಂತೆಂದರೆ ಮಾತ್ರ ಮೈಮೇಲೆ ಎಚ್ಚರವಿರುವುದಿಲ್ಲ. ಒಂದು ಕಾರಹುಣ್ಣಿಮೆಗೆ, ಪೂಜೆ ಮಾಡಲು ಮನೆಯಲ್ಲಿ ಎತ್ತುಗಳಿಲ್ಲವೆಂದು, ಜಮಖಂಡಿಯ ಬಸ್ಸಿನ ಮೂತಿಗೆ ಹಾರ ಹಾಕಿ ಕುಂಕುಮ ಹಚ್ಚಿ ಹುಗ್ಗಿಯ ಎಡೆ ಇಟ್ಟವರು ಇವರು! "ಅಣ್ಣಾರ, ಹುಗ್ಗಿ ತಿಂದ್ರ ಇದು ಓಡೂದಿಲ್ರಿ, ಪೆಟ್ರೋಲ್ ಹಾಕ್ರಿ" ಎಂದನಂತೆ ಡ್ರೈವರ್.

ನಮ್ಮೂರು ಮುಂಬಯಿ ರಾಜ್ಯದಲ್ಲಿದ್ದ ಕಾಲ. ಗೋವಾ ಇನ್ನೂ ಪೋರ್ತುಗೀಸರ ಕೈಯಲ್ಲಿತ್ತು. ಕುಡಚಿಯಲ್ಲಿ ರೈಲು ಹತ್ತಿದರೆ ಮರುದಿನಕ್ಕೆ ಪರದೇಶ! "ಸಮುದ್ರ ನೋಡಿ ಬರೂಣು ನಡಿ" ಎಂದು ಇವರು ಒಂದು ದಿನ ಗಂಟು ಕಟ್ಟಿಸಿಯೇ ಬಿಟ್ಟರು. ಆಗ ಗಡಿಯಲ್ಲಿ ಗೋವಾ ಬಿಡುಗಡೆಯ ಸತ್ಯಾಗ್ರಹದ ಬಿಸಿ. ಯಾರು ಬಂದರೂ ಅನುಮಾನ. ತಪಾಸಣೆಯ ಅಧಿಕಾರಿ ನಮ್ಮ ಗಂಟು ಬಿಚ್ಚಿ, ನನ್ನ ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಡಬ್ಬಿಯೊಳಗೆ ಮೂಗನ್ನೇ ಇಟ್ಟ. ಆಮೇಲೆ ಏಳು ಸಲ ಸೀನಿ, ಕಣ್ಣೊರೆಸಿಕೊಳ್ಳುತ್ತ "ಹೋಗಿ" ಎಂದು ಕೈ ಬೀಸಿದ.

ಇಲ್ಲೊಂದು ಮಾತು ಹೇಳಬೇಕು. ನನಗೆ ಆಗ ಮೂರು ತಿಂಗಳು. ಇವರಿಗೆ ಹೇಳಿರಲಿಲ್ಲ. ಹಿಂದೆ ಎರಡು ಸಲ ಹೇಳಿದ್ದೆ. ಎರಡು ಸಲವೂ ಇವರು ಊರಿಗೆಲ್ಲ ಸಾರಿ, ತೊಟ್ಟಿಲಿಗೆ ಹಗ್ಗ ಹೊಸೆಯುತ್ತಿರುವಾಗಲೇ ಹೋಗಿತ್ತು. ಐದು ತುಂಬಲಿ, ಆಮೇಲೆ ನೋಡೋಣ ಎಂದು ಬಾಯಿ ಮುಚ್ಚಿಕೊಂಡಿದ್ದೆ. ದಾರಿಯುದ್ದಕ್ಕೂ ಆದ ವಾಂತಿಯನ್ನು ರೈಲಿನ ತಲೆಗೆ ಕಟ್ಟಿದೆ.

ಮಡಗಾಂವಿನಲ್ಲಿಳಿದ ಮರುದಿನ ಬೆಳಿಗ್ಗೆ ಸಮುದ್ರದ ಕಡೆ ಹೊರಟಿದ್ದೆವು. ರೈಲು ಹಳಿಯ ಪಕ್ಕ ಹಸಿರು ಭತ್ತದ ಗದ್ದೆ. ಇವರು ಗಕ್ಕನೆ ನಿಂತರು.

"ಇವತ್ತ ಎಳ್ಳಮಾಸಿ ಅಲ್ಲೇನ ಹುಚ್ಚಿ! ಬಿಚ್ಚ ಬುತ್ತಿ!"

"ಏನ್ರಿ, ಊರಾಗ ನಮಗ ಹೊಲಾನ ಇಲ್ಲ. ಇಲ್ಲಿ ಎಲ್ಲಿಂದ ಬಂತು?"

"ಹೊಲ ಮಂದೀದು. ಭೂಮಿತಾಯಿ ಯಾರಪ್ಪಂದು?"

ಎಳ್ಳಮಾವಾಸ್ಯೆಯ ಹೊತ್ತಿಗೆ ಬೆಳೆ ಹೊತ್ತ ಭೂಮಿ ಬಸುರಿ ಎಂದು ನಮ್ಮ ಕಡೆಯ ನಂಬಿಕೆ. ಅವಳ ಬಯಕೆ ತೀರಲೆಂದು ಅಡುಗೆ ಒಯ್ದು ಹೊಲದ ತುಂಬ ಎರಚುತ್ತೇವೆ. ಅದೇ ಚರಗ ಚೆಲ್ಲುವುದು. ಇವರು ಸಜ್ಜಿ ರೊಟ್ಟಿ ಮುರಿದು, ಬೆಲ್ಲ, ಬಾಳೆಹಣ್ಣು ಕಲಸಿ ಉಂಡೆ ಕಟ್ಟಿದರು. ಕೈ ಬೀಸಿ ಬೀಸಿ ಎಸೆಯುತ್ತ, "ಹುಲಿಗ್ಯೋ... ಹುಲಿಗ್ಯೋ... ಚಲ್ಲಂಬ್ರಿಗ್ಯೋ!" ಎಂದು ಚರಗದ ವಾಡಿಕೆಯ ಕೂಗು ಹಾಕತೊಡಗಿದರು.

ರೈಲು ಹಳಿಯ ಹತ್ತಿರ ಪರವೂರಿನವನೊಬ್ಬ ದುಂಡನೆಯ ವಸ್ತು ಎಸೆದು ಘೋಷಣೆ ಕೂಗಿದರೆ ಪೊಲೀಸರು ಏನೆಂದುಕೊಳ್ಳಬೇಕು? ಬಂದೂಕು ಹಿಡಿದ ಇಬ್ಬರು ಓಡಿ ಬಂದರು. ಉಳಿದ ಉಂಡೆಗಳನ್ನು ಬಟ್ಟೆಯಲ್ಲಿ ಮೆಲ್ಲಗೆ ಎತ್ತಿ, ನಮ್ಮನ್ನೂ ನಡೆಸಿಕೊಂಡು ಚೌಕಿಗೆ ಒಯ್ದರು. ಅಲ್ಲಿ ಉಂಡೆಗಳನ್ನು ನೀರಿನ ಬಕೀಟಿಗೆ ಬಿಟ್ಟು ದೂರ ಸರಿದು ನಿಂತರು. ಉಂಡೆ ಕರಗಿತು. ರೊಟ್ಟಿಯ ಚೂರು ತೇಲಿತು. ಚೌಕಿಯ ದೊಡ್ಡ ಸಾಹೇಬನ ಮುಖ ಮಾತ್ರ ಸಡಿಲಲಿಲ್ಲ.

ಕಾರವಾರದ ಕಡೆಯ ಹೆಣ್ಣು ತಂದಿದ್ದ ಮುದಿ ಪೇದೆಯೊಬ್ಬನಿಗೆ ತುಸು ಕನ್ನಡ ಬರುತ್ತಿತ್ತು. ಸಾಹೇಬನ ಪ್ರಶ್ನೆಯನ್ನು ಅವನು ಕನ್ನಡದಲ್ಲಿ ಕೇಳಿದ: "ಹುಲಿಗ್ಯೋ ಯಾರು? ಎಲ್ಲಿ ಅಡಗಿದ್ದಾನೆ?"

"ನನಗೂ ಗೊತ್ತಿಲ್ರಿ ಸಾಹೇಬ್ರ. ನಮ್ಮಜ್ಜನೂ ಕರೀತಿದ್ದ, ಒಮ್ಮೆನೂ ಬಂದಿಲ್ಲ!"

ಪೇದೆ ನಗು ನುಂಗಿದ. ಸಾಹೇಬ ಮೇಜು ಗುದ್ದಿದ. ಇವರನ್ನು ವಿಚಾರಣೆಗೆ ಪಣಜಿಗೆ ಕಳಿಸುವುದು, ನನ್ನನ್ನು ಮಧ್ಯಾಹ್ನದ ರೈಲು ಹತ್ತಿಸಿ ಗಡಿ ದಾಟಿಸುವುದು ಎಂದು ಹೇಳಿ ಕಾಗದ ಬರೆಯತೊಡಗಿದ. ನಾನು ಗೋಡೆ ಹಿಡಿದುಕೊಂಡೆ.

ಇವರು ಒಮ್ಮೆ ನನ್ನ ಕಡೆ ನೋಡಿದರು. ಸಾಹೇಬನಿಗೆ ಕೈ ಮುಗಿದರು.

"ನನ್ನ ಎಲ್ಲಿಗ್ಯಾದ್ರೂ ಕಳಸ್ರಿ. ಇಕಿನ್ನ ಒಬ್ಬಾಕಿನ್ನ ರೈಲಿನ್ಯಾಗ ಕಳಸಬ್ಯಾಡ್ರಿ. ಬಸರಿ ಹೆಂಗಸ್ರಿ. ಹಿಂದ ಎರಡ ಸಲ ಹೋಗೇತಿ. ಭೂಮಿತಾಯಿ ಬಯಕಿ ತೀರಿಸಿದ್ರ ಈ ಸಲ ನಮ್ಮ ಕೂಸಿನ್ನ ಕಾಯತಾಳ ಅಂತ ಚರಗ ಚೆಲ್ಲಿನ್ರಿ. ಮತ್ತೇನಿಲ್ಲ."

ನಾನು ಗೋಡೆಗೇ ಅಂಟಿ ನಿಂತೆ. ಪೇದೆ ದನಿ ತಗ್ಗಿಸಿ ಸಾಹೇಬನಿಗೆ ಹೇಳಿದ. ಸಾಹೇಬ ಬರೆಯುವುದನ್ನು ನಿಲ್ಲಿಸಿದ. ತನ್ನ ಕುರ್ಚಿಯನ್ನೇ ನನ್ನ ಕಡೆ ತಳ್ಳಿ ಕೂರಲು ಸನ್ನೆ ಮಾಡಿದ. ಮಧ್ಯಾಹ್ನದ ರೈಲಿಗೆ ಇಬ್ಬರನ್ನೂ ಹತ್ತಿಸಿದರು. ಸಮುದ್ರ ನೋಡದೆಯೇ ಪರದೇಶ ಪ್ರವಾಸ ಮುಗಿಯಿತು!

ಗಾಡಿ ಹೊರಟ ಮೇಲೆ ಕೇಳಿದೆ: "ನಿಮಗ ಹೆಂಗ ಗೊತ್ತಾತು?"

"ತಿಂಗಳಿಗೆ ಮೂರ ದಿನ ನೀ ಹೊರಗ ಕುಂತ್ರ ಒಲಿ ಮುಂದ ಕೂಡಾಂವ ನಾನು. ಮೂರ ತಿಂಗಳಾತು ನಾ ರೊಟ್ಟಿ ಸುಡಲಾರದ. ಅಷ್ಟೂ ತಿಳಿಯೂದಿಲ್ಲೇನ?"

"ಮತ್ಯಾಕ ಕೇಳಲಿಲ್ಲ?"

"ನೀ ಹೇಳಾಕ ಅಂಜಾಕತ್ತಿದ್ದಿ. ನಾ ಕೇಳಿದ್ರ ಇನ್ನಷ್ಟ ಅಂಜತಿದ್ದಿ."

ಆ ಆಷಾಢದಲ್ಲಿ ಮಗಳು ಹುಟ್ಟಿದಳು. ಆದರೆ ನನ್ನ ಕಣ್ಣ ಮುಂದೆ ಇರುವುದು ಆ ರೈಲಿನ ಮರದ ಬೆಂಚು. ಗಾಡಿ ಕುಲುಕುತ್ತದೆಂದು ಇವರು ನನ್ನ ಬೆನ್ನಿಗೂ ಹಲಗೆಗೂ ನಡುವೆ ತಮ್ಮ ಅಂಗೈ ಇಟ್ಟು ಕೂತರು. ಗಡಿ ದಾಟಿ ಲೋಂಡಾ ಬರುವವರೆಗೂ ತೆಗೆಯಲಿಲ್ಲ.