ಬೋಂಡ ಬದುವಿನ ಮೇಲೆ ಕೂತದ್ದು

ಸಿಹಿ ಸುದ್ದಿ ಮೊದಲು ಹೇಳಿಬಿಡುತ್ತೇನೆ, ಮಿಕ್ಕ ಮಾತು ಆಮೇಲೆ. ನಮ್ಮ ಮನೆಯ ನಾಯಿ ಬೋಂಡ ಇವತ್ತು ಬೆಳಿಗ್ಗೆ ತಾನಾಗಿ ಬಾಗಿಲು ಕೆರೆದು, ತಾನಾಗಿ ಹೊರಗೆ ಹೋಗಿ, ರಾಗಿ ಹೊಲದ ಬದುವಿನ ಮೇಲೆ ಕೂತು ಎರಡಕ್ಕೆ ಮುಗಿಸಿಕೊಂಡು ಬಂದ! ಸುಮ್ಮನೆ ಕೂತದ್ದಲ್ಲ. ಜಾಗ ಹುಡುಕಿ, ಮೂರು ಸುತ್ತು ಸುತ್ತಿ, ಬೆನ್ನನ್ನು ಬಿಲ್ಲಿನ ಹಾಗೆ ಬಾಗಿಸಿ, ಏನೋ ದೊಡ್ಡ ಯೋಚನೆಯಲ್ಲಿರುವವನ ಹಾಗೆ ಕಣ್ಣನ್ನು ದೂರಕ್ಕೆ ನೆಟ್ಟು ಕೂತ. ಮುಗಿದ ಮೇಲೆ ಹಿಂಗಾಲಲ್ಲಿ ಮಣ್ಣು ಕೆರೆದು ನನ್ನ ಕಡೆ ತಿರುಗಿ ನೋಡಿದ. ನಾನು ತೊಳೆಯುತ್ತಿದ್ದ ಹಾಲಿನ ಕ್ಯಾನನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದೆ. ಅರವತ್ತೆಂಟು ವರ್ಷದ ಹೆಂಗಸು ನಾಯಿ ಕಕ್ಕಸಿಗೆ ಕೂತದ್ದಕ್ಕೆ ಚಪ್ಪಾಳೆ ತಟ್ಟಿದಳು ಅಂತ ನೀವು ನಗಬಹುದು. ನಗಿ. ನನಗೂ ನಗು ಬಂತು, ಜೊತೆಗೆ ಅಳುವೂ ಬಂತು.

ಇಂಥ ಸಂತೋಷ ಬಂದಾಗ ಯಾರಿಗಾದರೂ ಹೇಳಬೇಕಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ. ದೊಡ್ಡಬಳ್ಳಾಪುರದಲ್ಲಿರುವ ನನ್ನ ತಂಗಿ ರತ್ನಿಗೆ ಫೋನ್ ಮಾಡಿದೆ.

"ರತ್ನೀ, ಸಿಹಿ ಸುದ್ದಿ ಕಣೇ!"

"ಅಯ್ಯೋ ಯಕ್ಕಾ! ನಿನ್ನ ಮೊಮ್ಮಗಳಿಗೆ ಗಂಡು ಗೊತ್ತಾಯ್ತಾ?"

"ಅದಲ್ಲ ಕಣೇ. ಬೋಂಡ ಹೊರಗಡೆ ಕೂತ್ಕಂಡ."

"ಎಲ್ಲಿ ಕೂತ್ಕಂಡ?"

"ಬದುವಿನ ಮೇಲೆ. ಎರಡಕ್ಕೆ. ಗಟ್ಟಿಯಾಗಿ!"

ಅವಳು ಬಹಳ ಮೆತ್ತಗೆ, "ಯಕ್ಕಾ, ಬಿಪಿ ಮಾತ್ರೆ ತಗೊಂಡ್ಯಾ ಇವತ್ತು?" ಅಂದಳು.

ಸಂಜೆ ಹಾಲು ಹಾಕಲು ಡೈರಿಗೆ ಹೋದಾಗ ಸಾಲಿನಲ್ಲಿ ನಿಂತಿದ್ದವರಿಗೂ ಹೇಳಿದೆ. ಅಲ್ಲಿ ಗೌರಮ್ಮ ಅಂತ ಒಬ್ಬಳಿದ್ದಾಳೆ, ನಾಲಿಗೆ ಚೂಪು. "ನಮ್ಮನೆ ನಾಯಿ ದಿನಾ ಕೂರ್ತದೆ ಅಜ್ಜಿ, ನಾವೇನು ಡಂಗೂರ ಹೊಡಿಸ್ತೀವಾ?" ಅಂದಳು. ಸಾಲೆಲ್ಲ ನಕ್ಕಿತು. ನನಗೆ ಬೇಸರವಾಗಲಿಲ್ಲ. ದಿನಾ ಕೂರುವ ನಾಯಿಯ ಮನೆಯವರಿಗೆ ಈ ಸಂತೋಷ ಗೊತ್ತಾಗುವುದು ಹೇಗೆ?

ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಅಡ್ಡದಾರಿ ಹಿಡಿದು ಬರೆದರೆ ಕ್ಷಮಿಸಿ, ಈಗ ಹಿಂದಿನದನ್ನು ಹೇಳುತ್ತೇನೆ. ಸಮೇತನಹಳ್ಳಿಯ ಹತ್ತಿರ ನಮ್ಮ ಮನೆ. ಮನೆಯಲ್ಲಿ ನಾವು ನಾಲ್ಕು ಜನ. ಮಗ ನಾರಾಯಣಸ್ವಾಮಿ ಹೊಸಕೋಟೆಯ ಕಡೆ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಾನೆ. ಸೊಸೆ ಮಂಜುಳಾ ಗಾರ್ಮೆಂಟ್ಸಿಗೆ. ಮೊಮ್ಮಗಳು ಚೈತ್ರ ಡಿಗ್ರಿ ಓದುತ್ತಾಳೆ, ಕಾಲೇಜು ಬಿಟ್ಟ ಮೇಲೆ ಕಂಪ್ಯೂಟರ್ ಕ್ಲಾಸು. ಮನೆಯಲ್ಲಿ ಜನ ಇಲ್ಲ ಅಂತಲ್ಲ, ಇದ್ದಾರೆ. ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿ ಯಾರು ಬಂದಿದ್ದಾರೆ, ಯಾರು ಹೋಗಿದ್ದಾರೆ ಅಂತ ನಾನು ತಿಳಿದುಕೊಳ್ಳುತ್ತೇನೆ. ಸಂಜೆ ಮುದ್ದೆ ಕಟ್ಟಿ ಹಾಟ್‌ಬಾಕ್ಸಿನಲ್ಲಿ ಇಟ್ಟರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬಂದು, ಒಂದೊಂದು ತೆಗೆದುಕೊಂಡು, ಒಂದು ಕೈಯಲ್ಲಿ ಫೋನ್ ಹಿಡಿದು ಉಂಡು ಮಲಗುತ್ತಾರೆ. ಯಾರೂ ನನಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ಒಳ್ಳೆಯ ಮಾತು ಆಡುವುದಕ್ಕೂ ಅವರಿಗೆ ಹೊತ್ತಿಲ್ಲ, ಅಷ್ಟೆ. ಯಜಮಾನರು ಹೋಗಿ ಎಂಟು ವರ್ಷವಾಯಿತು. ಅವರೂ ಮಾತಿನವರೇನಲ್ಲ, ಆದರೆ "ಹೂಂ" ಅನ್ನುತ್ತಿದ್ದರು. ಮನುಷ್ಯರಿಗೆ ದಿನಕ್ಕೆ ಹತ್ತು "ಹೂಂ" ಆದರೂ ಬೇಕು.

ಆ "ಹೂಂ" ನನಗೆ ಸಿಕ್ಕಿದ್ದು ಬೋಂಡನಿಂದ. ಪಕ್ಕದ ಲೇಔಟಿನಲ್ಲಿ ಬಾಡಿಗೆಗಿದ್ದ ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಮರಿ ಅವನು. ಅರ್ಧ ಪೊಮೆರೇನಿಯನ್, ಅರ್ಧ ನಮ್ಮೂರಿನದು. ಗುಂಡಗೆ ಕೆಂಪಗೆ ಇದ್ದ ಅಂತ ಚೈತ್ರ ಆ ಹೆಸರಿಟ್ಟಳು. ನಾನು ತಟ್ಟೆ ಇಟ್ಟುಕೊಂಡರೆ ಎದುರು ಬಂದು ಕೂರುತ್ತಿದ್ದ. ಹಸು ಒದ್ದದ್ದು, ರತ್ನಿಯ ಸೊಸೆ ಮುನಿಸಿಕೊಂಡದ್ದು, ನನ್ನ ಮೊಣಕಾಲು, ಏನು ಹೇಳಿದರೂ ಕಿವಿ ನೆಟ್ಟಗೆ ಮಾಡಿ ಕೇಳುತ್ತಿದ್ದ.

ತೊಂದರೆ ಶುರುವಾಗಿದ್ದು ಹೋದ ಕಾರ್ತಿಕದಲ್ಲಿ, ಮಗ ಅಯ್ಯಪ್ಪನ ಮಾಲೆ ಹಾಕಿದಾಗ. ಮಾಲೆ ಹಾಕಿದ ಮನೆ ಅಂದರೆ ನಿಮಗೆ ಗೊತ್ತು. ಮಾಂಸ ಮೀನು ಇಲ್ಲ, ಪಾತ್ರೆಯೆಲ್ಲ ಬೂದಿ ಹಚ್ಚಿ ಬೆಳಗಿದ್ದು, ಹೆತ್ತ ಮಗನನ್ನೂ "ಸ್ವಾಮಿ" ಅಂತಲೇ ಕೂಗಬೇಕು. ಅಂಥ ಮನೆಯಲ್ಲಿ ಒಂದು ದಿನ ಒಣಮೀನಿನ ವಾಸನೆ! ಮರುದಿನವೂ ಬಂತು. ಎಲ್ಲಿಂದ ಅಂತ ಮೂವರೂ ಮೂಗು ಅರಳಿಸಿ ಹುಡುಕಿದರು. ವಾಸನೆ ನನ್ನ ಚಾಪೆಯ ಹತ್ತಿರ ಜಾಸ್ತಿ. ನನ್ನ ಸೆರಗಿನಲ್ಲಿ ಇನ್ನೂ ಜಾಸ್ತಿ. ಮಗ ನನ್ನೆದುರು ಕೂತು ನಿಧಾನಕ್ಕೆ, "ಅಮ್ಮ, ಬಾಯಿ ಕೆಟ್ಟಿದ್ರೆ ಹೇಳು. ರತ್ನಿ ಚಿಕ್ಕಮ್ಮನ ಮನೇಗೆ ಹೋಗಿ ತಿನ್ಕಂಡ್ ಬಾ. ಕದ್ದು ಯಾಕೆ?" ಅಂದ.

"ಇಲ್ಲ ಸ್ವಾಮಿ, ನಾನು ಮೀನು ಮುಟ್ಟಿಲ್ಲ ಸ್ವಾಮಿ" ಅಂತ ನಾನು, ಎತ್ತಿ ಆಡಿಸಿದ ಮಗನಿಗೆ ಕೈ ಮುಗಿದು ಹೇಳಬೇಕಾಯಿತು. ಸೊಸೆ ಅಕ್ಕಿ ಡಬ್ಬದೊಳಗೂ ಕೈ ಹಾಕಿ ನೋಡಿದಳು. ನನ್ನ ಟ್ರಂಕು ತೆಗೆದರು. ಅದರಲ್ಲಿ ಯಜಮಾನರ ಒಂದು ಶಲ್ಯ, ನುಸಿಗುಳಿಗೆ, ಅಷ್ಟೇ ಸಿಕ್ಕಿದ್ದು. ಅಂದಿನಿಂದ ನನ್ನ ತಟ್ಟೆ ಜಗಲಿಗೆ ಬಂತು. ಯಾರೂ ಹೋಗು ಅನ್ನಲಿಲ್ಲ. "ಗಾಳಿ ಚೆನ್ನಾಗಿ ಬರುತ್ತೆ ಅಲ್ವಾ ಅತ್ತೆ?" ಅಂದಳು ಮಂಜುಳಾ. ಚೆನ್ನಾಗಿ ಬರುತ್ತೆ ಅಂದೆ.

ನಿಜ ಗೊತ್ತಾದದ್ದು ಒಂದು ವಾರದ ಮೇಲೆ. ಬೋಂಡ ಕುಂಡಿಯನ್ನು ನೆಲಕ್ಕೆ ಒತ್ತಿ, ಮುಂಗಾಲಲ್ಲಿ ಎಳೆದುಕೊಂಡು, ಜಗಲಿಯ ಈ ತುದಿಯಿಂದ ಆ ತುದಿಗೆ ಜಾರಿದ. ಆಮೇಲೆ ಬಂದು ನನ್ನ ಸೆರಗಿನ ಮೇಲೆ ಕೂತ. ಎದ್ದಾಗ ಅಲ್ಲಿ ಕಂದು ಬಣ್ಣದ ಒಂದು ಚುಕ್ಕಿ. ಮೂಸಿ ನೋಡಿದೆ. ಅಯ್ಯಯ್ಯೋ, ಸಂತೆಯ ಒಣಮೀನಿನ ಸಾಲೇ ಅದರೊಳಗಿತ್ತು! ಕಳ್ಳಿ ಅನ್ನುವ ಹೆಸರು ಹೋಯಿತಲ್ಲ ಅಂತ ನಾನು ಆ ಸೆರಗನ್ನು ಬಾವುಟದ ಹಾಗೆ ಹಿಡಿದು ಎಲ್ಲರಿಗೂ ಮೂಸಿಸಿದೆ. ನನ್ನ ಮರ್ಯಾದೆ ಉಳಿಸಿಕೊಳ್ಳುವ ಆತುರದಲ್ಲಿ ಬೋಂಡನ ಮರ್ಯಾದೆ ತೆಗೆದೆ. ಅವನನ್ನು ಕೊಟ್ಟಿಗೆಯ ಹತ್ತಿರ ಕಟ್ಟಿದರು. ನನ್ನ ತಟ್ಟೆಯೂ ಜಗಲಿಯಿಂದ ಒಳಗೆ ಹೋಗುವ ಬದಲು ಕೊಟ್ಟಿಗೆಗೆ ಹೋಯಿತು. ಯಾರೂ ಕಳಿಸಲಿಲ್ಲ, ನಾನೇ ಹೋದೆ.

ಊರಿನವರೆಲ್ಲ ಔಷಧಿ ಹೇಳಿದರು. ಜಂತುಹುಳ, ಹರಳೆಣ್ಣೆ ಕುಡಿಸು ಅಂದರು. ಉಷ್ಣ, ಮಜ್ಜಿಗೆ ಕೊಡು ಅಂದರು. ಗೌರಮ್ಮ ದೃಷ್ಟಿ ತೆಗೆಯಲು ಹೇಳಿದಳು. ನಾಯಿಯ ಆ ಜಾಗಕ್ಕೆ ಯಾರ ದೃಷ್ಟಿ ತಾಗುತ್ತದೆ ಅಂತ ನನಗೆ ಅನುಮಾನವಿತ್ತು, ಆದರೂ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಎಲ್ಲರೂ ಕೆಮ್ಮಿದರು, ಬೋಂಡ ಜಾರುತ್ತಲೇ ಇದ್ದ. ಕೊನೆಗೆ ಚೈತ್ರ ಒಂದು ಭಾನುವಾರ ಆಟೋದಲ್ಲಿ ನಮ್ಮಿಬ್ಬರನ್ನೂ ಹೊಸಕೋಟೆಗೆ, ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು.

ಆ ಡಾಕ್ಟರಮ್ಮನಿಗೆ ವಯಸ್ಸು ಚಿಕ್ಕದು, ತಾಳ್ಮೆ ದೊಡ್ಡದು. "ಎಲ್ಲಾ ನಾಯಿಗೂ ಗುದದ ಎರಡೂ ಕಡೆ ಒಂದೊಂದು ಸಣ್ಣ ಚೀಲ ಇರುತ್ತಮ್ಮ. ಗಡಿಯಾರದಲ್ಲಿ ನಾಲ್ಕು ಗಂಟೆ, ಎಂಟು ಗಂಟೆ ಇದ್ದ ಹಾಗೆ. ಅದರೊಳಗಿನ ವಾಸನೇನೇ ಒಂದು ನಾಯಿಗೆ ಇನ್ನೊಂದು ನಾಯಿ ಹತ್ರ ಇರೋ ಗುರುತು. ಇವನದು ತಾನಾಗಿ ಖಾಲಿ ಆಗ್ತಿಲ್ಲ, ಕಟ್ಕೊಂಡಿದೆ" ಅಂದರು. ಕೈಗೆ ಗ್ಲೌಸು ಹಾಕಿ ಹಿಂಡಿದರು. ಚೈತ್ರ "ಅಜ್ಜಿ, ನಾನು ಸತ್ತೆ" ಅಂತ ಹೊರಗೆ ಓಡಿದಳು. ಇವತ್ತಿಗೂ ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆಯಾದರೆ ನನಗೆ ಬೋಂಡನ ಹಿಂಭಾಗವೇ ನೆನಪಾಗುವುದು.

ಮೂರು ವಾರಕ್ಕೊಮ್ಮೆ ಹಿಂಡಿಸಿದೆವು. ಸಿಹಿಗುಂಬಳ ಬೇಯಿಸಿ ಹಾಕಿದೆವು. ಒಂದೆರಡು ವಾರ ಸುಮಾರಾಗಿರುವುದು, ಮತ್ತೆ ಊದಿಕೊಳ್ಳುವುದು. ಕೊನೆಗೆ ಒಂದು ಕಡೆ ಕೀವಾಗಿ ಒಡೆದು, ಅವನು ಕೂರಲೂ ಆಗದೆ ಮಲಗಲೂ ಆಗದೆ ನಿಂತೇ ನಡುಗುತ್ತಿದ್ದ. "ಮೊದಲು ಕೀವು ವಾಸಿ ಮಾಡೋಣ. ಆಮೇಲೆ ಆಪರೇಷನ್ ಮಾಡಿ ಎರಡೂ ಚೀಲ ತೆಗೆದುಬಿಡೋಣ" ಅಂದರು ಡಾಕ್ಟರಮ್ಮ. ಒಂದು ಎಚ್ಚರಿಕೆಯನ್ನೂ ಹೇಳಿದರು. ಆ ಜಾಗದಲ್ಲಿ ಸೂಕ್ಷ್ಮ ನರ ಇದೆಯಂತೆ. ಕೆಲವು ನಾಯಿಗಳಿಗೆ ಆಪರೇಷನ್ ಆದ ಮೇಲೆ ಹಿಡಿತ ತಪ್ಪಿ ಗೊತ್ತಿಲ್ಲದೆ ಬಿದ್ದುಹೋಗುತ್ತದಂತೆ. ಸಾಮಾನ್ಯವಾಗಿ ಕೆಲವು ವಾರದಲ್ಲಿ ಸರಿಹೋಗುತ್ತದೆ, ಅಪರೂಪಕ್ಕೆ ಒಂದೊಂದಕ್ಕೆ ಹೋಗುವುದೇ ಇಲ್ಲ.

ಮನೆಗೆ ಬಂದು ಹೇಳಿದಾಗ ಮಂಜುಳಾ ನ್ಯಾಯವಾಗಿಯೇ ಮಾತಾಡಿದಳು. "ಆಪರೇಷನ್ ಮಾಡ್ಸೋಣ ಅತ್ತೆ, ಮೂಕಪ್ರಾಣಿ. ಆದ್ರೆ ಹಿಡಿತ ಬರ್ಲಿಲ್ಲ ಅಂದ್ರೆ ನಂಗಾಗಲ್ಲ. ನಮ್ಮಣ್ಣನ ಕೋಳಿ ಫಾರಂ ಇದ್ಯಲ್ಲ, ಮಾಕಳಿದುರ್ಗದ ಹತ್ರ, ಅಲ್ಲಿಗೆ ಬಿಟ್ಬಿಡೋಣ. ಕಾವಲಿಗೂ ಆಯ್ತು." ನಾನು ಹೂಂ ಅಂದೆ. ಕೋಳಿ ಫಾರಂನಲ್ಲಿ ಸರಪಳಿಗೆ ಬಿದ್ದು, ಯಾರ ಮೊಣಕಾಲಿನ ಕಥೆಯನ್ನೂ ಕೇಳದೆ ಅವನು ಇರುವುದು ಕಣ್ಣ ಮುಂದೆ ಬಂತು. ಇಲ್ಲಿ ನಾನು ಇರುವುದೂ ಕಣ್ಣ ಮುಂದೆ ಬಂತು.

ಆಪರೇಷನ್ ಆಯಿತು. ಕುತ್ತಿಗೆಗೆ ಬಕೆಟ್ಟಿನಂಥ ಪ್ಲಾಸ್ಟಿಕ್ ಹಾಕಿಸಿಕೊಂಡು ಬೋಂಡ ಮನೆಗೆ ಬಂದ. ವಾಸನೆ ಪೂರ್ತಿ ಹೋಯಿತು. ಹೊಲಿಗೆ ಒಣಗುವವರೆಗೆ ಒಳಗೇ ಇರಲಿ ಅಂತ ಎಲ್ಲರೂ ಒಪ್ಪಿದರು. ಆದರೆ ಮಾರನೇ ದಿನದಿಂದಲೇ ಅವನು ನಡೆದ ಕಡೆಯೆಲ್ಲ ಗೋಲಿಯಷ್ಟು ಗೋಲಿಯಷ್ಟು ಬೀಳತೊಡಗಿತು. ಪಾಪ, ಅವನಿಗೇ ಗೊತ್ತಾಗುತ್ತಿರಲಿಲ್ಲ. ಹಿಂದೆ ತಿರುಗಿ ನೋಡಿ, ಇದು ಯಾರದು ಅನ್ನುವ ಮುಖ ಮಾಡುತ್ತಿದ್ದ. ನಾನು ಸೊಂಟಕ್ಕೆ ಹಳೇ ಪೇಪರು ಸಿಕ್ಕಿಸಿಕೊಂಡು ಅವನ ಹಿಂದೆ ತಿರುಗಿದೆ. ಅವನು ನಡೆದರೆ ನಡೆದೆ, ಕೂತರೆ ಕೂತೆ. ಯಾರು ಕೇಳಿದರೂ "ಏನಿಲ್ಲ, ಸರಿಹೋಗಿದಾನೆ" ಅಂದೆ. ಇಡೀ ಜನ್ಮದಲ್ಲಿ ಅಷ್ಟು ಸುಳ್ಳು ಹೇಳಿರಲಿಲ್ಲ.

ಹೋದ ಸೋಮವಾರ ಸಿಕ್ಕಿಬಿದ್ದೆ. ಮಂಜುಳಾ ಬೇಗ ಎದ್ದು ಬಂದಾಗ ನಾನು ಮಂಚದ ಕೆಳಗೆ ತಲೆ ಹಾಕಿದ್ದೆ.

"ಏನ್ ಹುಡುಕ್ತಿದ್ದೀರಾ ಅತ್ತೆ?"

"ಓಲೆ ತಿರುಪು ಬಿದ್ದೋಯ್ತು ಕಣಮ್ಮ. ನೀನು ಹೋಗು, ನಿಂಗೆ ಲೇಟಾಗ್ತದೆ."

ಬಂಗಾರದ ತಿರುಪು ಅಂದರೆ ಯಾವ ಸೊಸೆ ಹೋಗುತ್ತಾಳೆ? ಅವಳೂ ಮಂಡಿಯೂರಿ, ಕತ್ತಲಲ್ಲಿ ಕೈಯಾಡಿಸಿ, ನನಗಿಂತ ಶ್ರದ್ಧೆಯಿಂದ ಹುಡುಕಿದಳು. ಬೇಡ ಬೇಡ ಅನ್ನುವಷ್ಟರಲ್ಲಿ ಅವಳ ಕೈ ನಿಂತಿತು. ಆ ಕೈಯನ್ನು ಹೊರಗೆ ತೆಗೆದು ನೋಡಿ, ನನ್ನ ಮುಖವನ್ನೂ ನೋಡಿ, "ತಿರುಪು ಸಿಕ್ತು ಅತ್ತೆ" ಅಂದಳು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೋಪು ಹಾಕಿ ಕೈ ತೊಳೆದುಕೊಂಡು, "ಭಾನುವಾರ ಅಣ್ಣ ಟೆಂಪೋ ತರ್ತಾನೆ" ಅಂತಷ್ಟೇ ಹೇಳಿ ಕೆಲಸಕ್ಕೆ ಹೋದಳು. ಮಂಗಳವಾರ ಬಿತ್ತು. ಬುಧವಾರ ಸ್ವಲ್ಪ ಕಡಿಮೆ. ಗುರುವಾರ ಒಂದೇ ಒಂದು. ಇವತ್ತು ಶುಕ್ರವಾರ. ಈಗ ಹೇಳಿ, ಬದುವಿನ ಮೇಲೆ ಅವನು ಕೂತದ್ದು ನೋಡಿ ನಾನು ಚಪ್ಪಾಳೆ ತಟ್ಟಿದ್ದು ಹೆಚ್ಚಾಯಿತೇ?

ರತ್ನಿಯ ಹತ್ತಿರ ಮಾತಾಡಿದ ಮೇಲೆ ಮೂವರಿಗೂ ಫೋನ್ ಮಾಡಿದೆ. ಕೆಲಸದ ಹೊತ್ತಿನಲ್ಲಿ ಅವರ ಫೋನು ಬೀರುವಿನಲ್ಲೋ ಬ್ಯಾಗಿನಲ್ಲೋ ಇರುತ್ತದೆ, ಯಾರೂ ಎತ್ತಲಿಲ್ಲ. ನನ್ನ ಸಂತೋಷ ನಿಲ್ಲಲಿಲ್ಲ, ಮತ್ತೆ ಮತ್ತೆ ಮಾಡಿದೆ. ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಸಲ ಆಗಿರಬೇಕು. ಅಷ್ಟರಲ್ಲಿ ನನ್ನ ಫೋನಿನ ಚಾರ್ಜು ಮುಗಿಯಿತು. ಅದನ್ನು ಅಲ್ಲೇ ಬಿಟ್ಟು ಹುಲ್ಲಿಗೆ ಹೋದೆ, ಆಮೇಲೆ ಡೈರಿಗೆ ಹೋದೆ. ವಾಪಸ್ಸು ಬಂದರೆ ಮಗ ಓಟಿ ಬಿಟ್ಟು ಬಂದು ಅಂಗಳದಲ್ಲಿ ನಿಂತಿದ್ದಾನೆ. ಸೊಸೆ ಪರ್ಮಿಷನ್ ಹಾಕಿ ಬಂದಿದ್ದಾಳೆ. ಚೈತ್ರ ಕ್ಲಾಸು ಬಿಟ್ಟು ಬಂದು ಅಳುತ್ತಿದ್ದಾಳೆ.

"ಎಲ್ಲಿ ಹೋಗಿದ್ದೆ ಅಮ್ಮಾ? ಏನಾಯ್ತು ನಿಂಗೆ?" ಅಂತ ಕೂಗಿದ ಮಗ.

"ನಂಗೇನಾಗಿಲ್ಲ ಕಣಪ್ಪಾ. ಬೋಂಡ ಹೊರಗಡೆ ಕೂತ್ಕಂಡ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚೈತ್ರ ಮೂಗು ಒರೆಸಿಕೊಂಡು, "ಗುರು, ಇದಕ್ಕಾ ನಾನು ಬಸ್ಸಲ್ಲಿ ಅಷ್ಟೂ ದೇವರಿಗೆ ಹರಕೆ ಹೊತ್ಕೊಂಡಿದ್ದು!" ಅಂದಳು. ಮಗ ಜಗಲಿಯ ಮೇಲೆ ಕುಸಿದು ಕೂತು ನಕ್ಕ, ನಕ್ಕ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಮಂಜುಳಾ ಮಾತ್ರ, "ಎಲ್ಲಿ, ತೋರ್ಸಿ" ಅಂದಳು. ಬದುವಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಸೀರೆ ಎತ್ತಿಕಟ್ಟಿ ಬಗ್ಗಿ ನೋಡಿದಳು. ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿ, "ಟೆಂಪೋ ಬೇಡ ಅಣ್ಣ, ಕೆಲಸ ಆಯ್ತು" ಅಂದಳು.

ಕತ್ತಲಾಗುವ ಮೊದಲೇ ನಾಲ್ಕೂ ಜನ ನಡುಮನೆಯಲ್ಲಿ ಊಟಕ್ಕೆ ಕೂತೆವು. ಬಿಸಿ ಮುದ್ದೆ, ಮಂಜುಳಾ ಮಾಡಿದ ಬಸ್ಸಾರು. ಎಲ್ಲರೂ ಮಾತಾಡುತ್ತಿದ್ದರು. ಫ್ಯಾಕ್ಟರಿಯ ಸೂಪರ್‌ವೈಸರ್ ಕಥೆ, ಕಾಲೇಜಿನ ಕಥೆ, ನಗು. "ಯಾಕಜ್ಜಿ ಸೈಲೆಂಟು? ನೀನೂ ಏನಾದ್ರೂ ಹೇಳು" ಅಂದಳು ಚೈತ್ರ. ಹಸುವಿನ ವಿಷಯ ಶುರು ಮಾಡಿದೆ. "ಯಾವ ಹಸು?" ಅಂದ ಮಗ. "ಯಾವಾಗ?" ಅಂದಳು ಸೊಸೆ. ನನಗೆ ಎಳೆ ತಪ್ಪಿಹೋಯಿತು. ತಿರುಗಿ ಪ್ರಶ್ನೆ ಕೇಳುವವರ ಎದುರು ಮಾತಾಡುವ ಅಭ್ಯಾಸವೇ ಬಿಟ್ಟುಹೋಗಿದೆ. ಬೋಂಡನ ಮುಖ ನೋಡಿಕೊಂಡಾದರೂ ಹೇಳೋಣ ಅಂತ ಹುಡುಕಿದರೆ, ಆ ಕೃತಘ್ನ ಮಂಜುಳಾಳ ತೊಡೆಗೆ ಒರಗಿ ಕೂತು ಅವಳ ತುತ್ತನ್ನೇ ನೋಡುತ್ತಿದ್ದಾನೆ. ಅವಳೂ ಯಾರಿಗೂ ಕಾಣದ ಹಾಗೆ ಚೂರು ಚೂರು ಹಾಕುತ್ತಿದ್ದಾಳೆ. ನನ್ನ ಕಡೆಗಿದ್ದದ್ದು ಅವನ ಹಿಂಭಾಗ ಮಾತ್ರ. ಇಷ್ಟು ದಿನ ಅದನ್ನು ಕಾದು ಕೂತವಳು ನಾನು, ಇನ್ನು ಮುಖ ಬೇಕು ಅಂದರೆ ಹೇಗೆ? ಹೊಟ್ಟೆಯಲ್ಲಿ ಸ್ವಲ್ಪ ಕಿಚ್ಚು ಹತ್ತಿದ್ದು ನಿಜ. ಆದರೂ ಮಂಜುಳಾ "ಇನ್ನೊಂದು ಮುದ್ದೆ ಹಾಕ್ಲಾ ಅತ್ತೆ?" ಅಂದಾಗ, ಬೇಡ ಅನ್ನಬೇಕು ಅಂದುಕೊಂಡವಳು, ತಟ್ಟೆ ಮುಂದಕ್ಕೆ ಚಾಚಿದೆ.